ರೂಟರ್ ಪಾಸ್‌ವರ್ಡ್ ಗ್ರಾಹಕರ ಕೈಗೆ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮೇ ತಿಂಗಳ ಕೊನೆಯ ವಾರದ ಗುಡುಗು ಮಳೆಗೆ ನಮ್ಮ ಮನೆಯ ರೂಟರ್ ಸುಟ್ಟುಹೋಯಿತು. ಶಿರಸಿ ತಾಲ್ಲೂಕಿನ ತೋಟದ ಮನೆಗಳಲ್ಲಿ ಇದು ವರ್ಷವೂ ಇದ್ದದ್ದೇ. ಫೈಬರ್ ಕೇಬಲ್ಲಿನಲ್ಲಿ ಕರೆಂಟ್ ಹರಿಯದಿದ್ದರೂ ಸಿಡಿಲಿಗೆ ಪ್ಲಗ್ಗಿನ ದಾರಿ ಇದ್ದೇ ಇದೆ. ಮಿಂಚು ಕಂಡ ಕೂಡಲೇ ಪ್ಲಗ್ ಕಿತ್ತಿಡುತ್ತೇವೆ, ಅವತ್ತು ಎಲ್ಲರೂ ಮದುವೆಮನೆಗೆ ಹೋಗಿದ್ದೆವು. ಮೂರನೆಯ ದಿನ ಇಂಟರ್ನೆಟ್ ಕಂಪನಿಯ ಹುಡುಗ ಬಂದು ಹೊಸ ರೂಟರ್ ಕೂರಿಸಿದ. ಮನೆಯ ಮೂರೂ ಮೊಬೈಲಿಗೆ ವೈಫೈ ಬಂತು. ಮೊಮ್ಮಗಳ ಲ್ಯಾಪ್‌ಟಾಪಿಗೆ ಮಾತ್ರ ಬರಲಿಲ್ಲ.

ಪಾಸ್‌ವರ್ಡ್ ತಪ್ಪಾಗಿದ್ದರೆ ತಿದ್ದಬಹುದಿತ್ತು. ಇಲ್ಲಿ ಪಟ್ಟಿಯಲ್ಲಿ ನಮ್ಮ ವೈಫೈ ಹೆಸರೇ ಕಾಣುತ್ತಿರಲಿಲ್ಲ. ಪಕ್ಕದ ಮನೆ ಎಂದರೆ ನಮಗೆ ಅರ್ಧ ಕಿಲೊಮೀಟರ್ ದೂರ, ಹಾಗಾಗಿ ಬೇರೆ ಯಾರ ಹೆಸರೂ ಇಲ್ಲ. ಪಟ್ಟಿ ಪೂರ್ತಿ ಖಾಲಿ. ಹುಡುಗ ಒಮ್ಮೆ ನೋಡಿ, ‘ಅಕ್ಕೋರೆ, ಸಿಡಿಲು ಇದಕ್ಕೂ ಹೊಡೆದದೆ. ವೈಫೈ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ’ ಎಂದು ಬೈಕ್ ಹತ್ತಿದ. ರೂಟರ್ ಸುಟ್ಟ ಮನೆಯಲ್ಲಿ ಆ ಮಾತನ್ನು ಯಾರಾದರೂ ನಂಬುತ್ತಾರೆ. ನಾವೂ ನಂಬಿದೆವು.

ಲ್ಯಾಪ್‌ಟಾಪನ್ನು ಮೊಮ್ಮಗಳ ಕಾಲೇಜು ಬ್ಯಾಗಿಗೆ ತುಂಬಿಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದೆ. ರಿಪೇರಿ ಅಂಗಡಿಯವರು ತೆರೆದರೆ, ಅವರ ವೈಫೈ ಅದರಲ್ಲಿ ಸಲೀಸಾಗಿ ಬಂತು. ‘ಇದಕ್ಕೆ ಏನೂ ಆಗ್ಲಿಲ್ಲ, ಮನೆ ರೂಟರ್ ತೋರಿಸಿ’ ಎಂದರು. ದುಡ್ಡು ಸಹ ತೆಗೆದುಕೊಳ್ಳಲಿಲ್ಲ. ಕಂಪನಿಗೆ ಫೋನ್ ಮಾಡಿದರೆ, ‘ಮೊಬೈಲಿಗೆ ಬರ್ತಾ ಇದೆಯಲ್ಲ? ಹಾಗಾದ್ರೆ ರೂಟರ್ ಸರಿ ಇದೆ’ ಎಂದರು. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಆದರೆ ಇಬ್ಬರ ನಡುವೆ ಅಲೆದದ್ದು ನಾವು.

ಅದೇ ಹೊತ್ತಿಗೆ ಸಿಇಟಿ ಆಪ್ಷನ್ ಎಂಟ್ರಿ. ನೂರಾರು ಕಾಲೇಜು, ಒಂದೊಂದರಲ್ಲಿ ಹತ್ತಾರು ಕೋರ್ಸು, ಅವನ್ನೆಲ್ಲ ಇಷ್ಟದ ಕ್ರಮದಲ್ಲಿ ಜೋಡಿಸಬೇಕು, ಮತ್ತೆ ಮತ್ತೆ ಹಿಂದೆ ಮುಂದೆ ಮಾಡಬೇಕು. ಮೊಬೈಲಿನ ಅಂಗೈ ಅಗಲದ ಪರದೆಯಲ್ಲಿ ಆ ಹುಡುಗಿ ಬೆರಳಿನಿಂದ ಎಳೆಯುವುದು, ಪುಟ ಜಾರುವುದು, ಮೊದಲಿನಿಂದ ಶುರುಮಾಡುವುದು. ಎರಡು ವರ್ಷ ಓದಿದ್ದು ಒಂದು ತಪ್ಪು ಒತ್ತಿಗೆ ಹೋದೀತೆಂದು ಅವಳು ಅತ್ತದ್ದನ್ನು ನಾನು ನೋಡಿದ್ದೇನೆ. ಈ ಪತ್ರ ಬರೆಯಲು ಕೂತದ್ದೂ ಅದಕ್ಕಾಗಿಯೇ.

ಲ್ಯಾಪ್‌ಟಾಪನ್ನು ಅಮೆರಿಕದಿಂದ ತಂದುಕೊಟ್ಟವನು ನನ್ನ ತಮ್ಮನ ಮಗ. ಅವನಿಗೆ ವಾಟ್ಸ್ಆ್ಯಪ್ ಕಾಲ್ ಮಾಡಿದೆ. ಮೊದಲು, ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಅದರ ಹೆಸರು ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆಯೇ ನೋಡಲು ಹೇಳಿದ. ಕಂಡಿತು. ಸಿಮ್ಮಿಗೆ ಸಿಗ್ನಲ್ ಇಲ್ಲದ ಮನೆಯಲ್ಲೂ ಹೆಸರು ಕಾಣುತ್ತದೆ, ಕಾರ್ಡ್ ಬದುಕಿದೆ ಎಂಬುದಕ್ಕೆ ಅಷ್ಟು ಸಾಕು. ಆಮೇಲೆ ವೈಫೈ ವಿವರ ತೋರಿಸುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಸಿ, ‘ಅತ್ತೆ, ಚಾನೆಲ್ ಅಂತ ಇರ್ತದೆ, ಎದುರಿಗೆ ಎಷ್ಟು ಬರೆದಿದೆ ನೋಡು’ ಎಂದ. 13 ಎಂದಿತ್ತು. ‘ಹಾಗಾದ್ರೆ ಗೊತ್ತಾಯ್ತು ಬಿಡು’ ಎಂದ.

ಅವನು ಹೇಳಿದ್ದನ್ನು ಲೆಕ್ಕ ಕಲಿಸುತ್ತಿದ್ದವಳ ರೀತಿಯಲ್ಲಿ ಹೇಳುತ್ತೇನೆ. ಸಾಮಾನ್ಯ ವೈಫೈಯನ್ನು 2.4 ಗಿಗಾಹರ್ಟ್ಸ್ ಎನ್ನುತ್ತಾರೆ. ಅದರಲ್ಲಿ 1ನೇ ಚಾನೆಲ್ 2412 ಮೆಗಾಹರ್ಟ್ಸ್‌ನಲ್ಲಿದೆ, ಮುಂದಿನದೊಂದೊಂದೂ 5 ಮೆಗಾಹರ್ಟ್ಸ್ ಮೇಲೆ. 11ನೆಯದು 2462, 13ನೆಯದು 2472. ನಮ್ಮ ದೇಶದಲ್ಲಿ 13ರವರೆಗೂ ಬಳಸಬಹುದು. ಅಮೆರಿಕದಲ್ಲಿ ರೂಢಿಯಲ್ಲಿರುವುದು 11ರವರೆಗೆ, ಆದ್ದರಿಂದ ಅಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳು 12, 13ನ್ನು ಹುಡುಕುವುದೇ ಇಲ್ಲ. ಹೊಸ ರೂಟರ್ ‘ಆಟೊ’ದಲ್ಲಿತ್ತು, ತಾನಾಗಿ 13ನ್ನು ಹಿಡಿದಿತ್ತು. ಅಪ್ಪನ ಕಾಲದ ರೇಡಿಯೊದಲ್ಲಿ ಧಾರವಾಡ ಆಕಾಶವಾಣಿ ಬರುತ್ತಿದ್ದುದು 765 ಕಿಲೊಹರ್ಟ್ಸ್‌ನಲ್ಲಿ; ಮುಳ್ಳು 700ರಲ್ಲೇ ಸಿಕ್ಕಿಕೊಂಡರೆ ರೇಡಿಯೊವೂ ಸರಿ, ಧಾರವಾಡವೂ ಸರಿ, ಹಾಡು ಮಾತ್ರ ಬಾರದು. ನಮ್ಮದು ಬರೀ 2.4ರ ರೂಟರ್. 5 ಗಿಗಾಹರ್ಟ್ಸ್ ಕೂಡ ಇದ್ದಿದ್ದರೆ ಲ್ಯಾಪ್‌ಟಾಪ್ ಆ ದಾರಿಯಲ್ಲಾದರೂ ಬರುತ್ತಿತ್ತೇನೊ.

ರೋಗ ಗೊತ್ತಾಯಿತು, ಮದ್ದೂ ಗೊತ್ತಾಯಿತು: ಚಾನೆಲ್ಲನ್ನು 1, 6 ಅಥವಾ 11ಕ್ಕೆ ಇಳಿಸಬೇಕು. ಮೊಬೈಲಿನ ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ರೂಟರಿನ ಪುಟ ಬಂತು, ಪಾಸ್‌ವರ್ಡ್ ಕೇಳಿತು. ರೂಟರಿನ ಬೆನ್ನಿನ ಚೀಟಿಯಲ್ಲಿ ಇದ್ದದ್ದನ್ನು ಹಾಕಿದೆವು, ಆಗಲಿಲ್ಲ. ಕಂಪನಿಯವರು ಬದಲಾಯಿಸಿದ್ದರು. ಫೋನ್ ಮಾಡಿ ಕೇಳಿದರೆ, ‘ಅದನ್ನು ಗ್ರಾಹಕರಿಗೆ ಕೊಡೋದಿಲ್ಲ’. ಹಾಗಾದರೆ ನೀವೇ ಬದಲಿಸಿ ಎಂದೆ. ‘ಹುಡುಗನ್ನ ಕಳಿಸ್ತೇವೆ.’ ನಾಲ್ಕು ದಿನ ಕಾದೆವು. ಹುಡುಗ ಬರಲಿಲ್ಲ.

ಆ ನಾಲ್ಕು ದಿನ ನಮ್ಮನ್ನು ಕಾಪಾಡಿದ್ದು ಮೊಬೈಲಿನ ಚಾರ್ಜಿಂಗ್ ಕೇಬಲ್. ಆಂಡ್ರಾಯ್ಡ್ ಮೊಬೈಲನ್ನು ಮನೆಯ ವೈಫೈಗೆ ಸೇರಿಸಿಟ್ಟು, ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಆ ವೈಫೈಯೇ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಹರಿಯುತ್ತದೆ. ಇದು ಮೊದಲೇ ಗೊತ್ತಿದ್ದರೆ ನಮ್ಮ ಹುಡುಗಿ ಅಷ್ಟು ಅಳಬೇಕಿರಲಿಲ್ಲ. ಇದೇ ಅವಸ್ಥೆಯಲ್ಲಿರುವ ಮನೆಯವರು ದಯವಿಟ್ಟು ಮಾಡಿ ನೋಡಿ. ಆಪ್ಷನ್ ಎಂಟ್ರಿಯನ್ನು ಅವಳು ಜಗಲಿಯಲ್ಲಿ ಹಾಗೆ ಕೂತೇ ಮುಗಿಸಿದಳು.

ಐದನೆಯ ದಿನ ಫೋನಿನಲ್ಲಿ ಬೇರೆ ಒಬ್ಬರು ಸಿಕ್ಕರು. ನಾನು ಚಾನೆಲ್ 13 ಎಂದ ಕೂಡಲೇ, ‘ಹೌದಾ, ಒಂದು ನಿಮಿಷ ಇರಿ ಮೇಡಂ’ ಎಂದು ಕೂತಲ್ಲಿಂದಲೇ 6 ಮಾಡಿದರು. ರೂಟರಿನ ದೀಪ ಒಮ್ಮೆ ಆರಿ ಹತ್ತಿತು, ಲ್ಯಾಪ್‌ಟಾಪಿನ ಖಾಲಿ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರು ಬಂತು. ಒಂದು ನಿಮಿಷದ ಕೆಲಸಕ್ಕೆ ನಾವು ಹದಿನೈದು ದಿನ ಪರದಾಡಿದ್ದೆವು. ರಿಪೇರಿ ಅಂಗಡಿಯವರು ಪ್ರಾಮಾಣಿಕರಲ್ಲದಿದ್ದರೆ ಸರಿಯಿದ್ದ ಕಾರ್ಡನ್ನೂ ಬದಲಿಸಿ ದುಡ್ಡು ಕೇಳುತ್ತಿದ್ದರು.

ಗ್ರಾಹಕರು ಸೆಟ್ಟಿಂಗ್ ಕೆಡಿಸಿಕೊಳ್ಳುತ್ತಾರೆ, ಆಮೇಲೆ ದೂರು ತಮಗೇ ಬರುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಆ ಭಯ ನನಗೆ ಅರ್ಥವಾಗುತ್ತದೆ. ಮೀಟರಿಗೆ ಹೆಸ್ಕಾಂನವರು ಸೀಲ್ ಹಾಕುತ್ತಾರೆ, ನಾವು ಮುಟ್ಟುವುದಿಲ್ಲ. ಆದರೆ ಮೇನ್ ಸ್ವಿಚ್ ನಮ್ಮ ಕೈಗೆ ಸಿಗುವಲ್ಲಿಯೇ ಇರುತ್ತದೆ. ಕಂಪನಿಯ ಲೈನಿಗೆ ಸೇರಿದ ಸೆಟ್ಟಿಂಗಿಗೆ ಬೇಕಿದ್ದರೆ ಬೀಗ ಹಾಕಿಕೊಳ್ಳಲಿ. ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್ ಇಷ್ಟನ್ನು ಬದಲಿಸುವ ಲಾಗಿನ್ ಮನೆಯವರಿಗೆ ಸಿಗಬೇಕು. ರೂಟರ್ ಕೂರಿಸಿದ ದಿನವೇ ಅದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಟ್ಟು, ಸಹಿ ಮಾಡಿಸಿಕೊಂಡು ಹೋಗಲಿ. ಹುಡುಗರನ್ನು ಮನೆಗಳಿಗೆ ಕಳಿಸುವ ಮೊದಲು, ಲ್ಯಾಪ್‌ಟಾಪ್ ಕೆಟ್ಟಿದೆ ಎನ್ನುವುದಕ್ಕೆ ಮುಂಚೆ ಹಾಟ್‌ಸ್ಪಾಟ್ ಹಾಕಿ ನೋಡಬೇಕೆಂದು ಕಲಿಸಲಿ.

ನಮ್ಮ ಕಡೆ ಮಗ, ಸೊಸೆ, ಅಣ್ಣ, ತಮ್ಮ ಅಂತ ಊರಿಗೊಬ್ಬರು ಅಮೆರಿಕದಲ್ಲಿದ್ದಾರೆ. ಅವರು ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಓದುವ ಮಕ್ಕಳೂ ಬೇಕಾದಷ್ಟಿದ್ದಾರೆ. ಬರುವ ಮೇ ತಿಂಗಳಲ್ಲಿ ಮತ್ತೆ ಸಿಡಿಲು ಬರುತ್ತದೆ, ಮತ್ತೆ ರೂಟರ್ ಸುಡುತ್ತವೆ. ಅಷ್ಟರೊಳಗೆ ಆ ಒಂದು ಹಾಳೆ ಎಲ್ಲ ಮನೆಗಳಿಗೂ ತಲುಪುವಂತೆ ಸಂಬಂಧಪಟ್ಟವರು ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಶಿರಸಿ ತಾಲ್ಲೂಕು