ಗಂಟೆ ಹೊಡೆಯುವ ಹೊತ್ತಿಗೆ ಹೋಗಿ ನೋಡು

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೂರು ಸರಕಾರಿ ಶಾಲೆ ನೋಡಿ ಬಂದೆ, ಮೂರೂ ಕಡೆ ಚೆನ್ನಾಗಿಯೇ ಮಾತಾಡಿಸಿದರು, ಆದರೂ ಆಟಿಸಂ ಇರುವ ನಮ್ಮ ಪುಟ್ಟನನ್ನು ಎಲ್ಲಿ ಸೇರಿಸಬೇಕೋ ತೋಚುತ್ತಿಲ್ಲ ಅಂದಿದ್ದೀಯ. ತೋಚುವುದಾದರೂ ಹೇಗೆ ಕಣೇ? ನೀನು ಹೋದಾಗ ಮಕ್ಕಳೆಲ್ಲ ತರಗತಿಯೊಳಗೆ ಕೂತಿದ್ದರು. ಆ ಹೊತ್ತಿನಲ್ಲಿ ಎಲ್ಲ ಶಾಲೆಯೂ ಒಂದೇ ಥರ ಕಾಣುತ್ತದೆ. ಇನ್ನೊಂದು ಸಲ ಹೋಗು. ಈ ಸಲ ಗಂಟೆ ಹೊಡೆಯುವ ಹೊತ್ತಿಗೆ ಹೋಗಿ ಕಾರಿಡಾರಿನಲ್ಲಿ ನಿಂತುಕೋ.

ನಾನು ಒಂದನೇ ತರಗತಿಗೆ ಪಾಠ ಹೇಳುತ್ತಿದ್ದಾಗ ಬಾಗಿಲ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಗಂಟೆ ಇದ್ದದ್ದು ಅದೇ ಗೋಡೆಯ ಆಚೆ. ಪಿರಿಯಡ್ ಮುಗಿಯಲು ಐದು ನಿಮಿಷ ಇರುವಾಗಲೇ ಪೆನ್ಸಿಲ್ ಕೆಳಗಿಟ್ಟು, ಎರಡೂ ಕಿವಿಗೆ ಹೆಬ್ಬೆರಳು ಒತ್ತಿ, ಗಡಿಯಾರವನ್ನೇ ನೋಡುತ್ತ ಕೂತುಬಿಡುತ್ತಿದ್ದ. ಬರೆಯದಿರಲು ಕಳ್ಳಾಟ ಅಂದುಕೊಂಡೆ. ಗದರಿದೆ. ಅವನ ಕೈಯನ್ನು ಕಿವಿಯಿಂದ ಎಳೆದು ಬಿಡಿಸಿದ್ದೂ ಇದೆ. ಒಂದು ದಿನ ಗಂಟೆ ಕೆಟ್ಟಿತು. ಆಯಾ ಪ್ರತಿ ಬಾಗಿಲಿಗೂ ಬಂದು ಮೆಲ್ಲಗೆ ಹೇಳಿ ಹೋಗುತ್ತಿದ್ದರು. ಮೊದಲ ಪಿರಿಯಡ್ಡಿನಲ್ಲಿ ಅವನು ಕಿವಿ ಮುಚ್ಚಿಕೊಂಡೇ ಕಾದ, ಸದ್ದು ಬರಲಿಲ್ಲ. ಮೂರನೆಯ ಪಿರಿಯಡ್ಡಿನ ಹೊತ್ತಿಗೆ ಕೈ ಕೆಳಗಿಳಿದವು. ಅವತ್ತು ಪುಟ ಪೂರ್ತಿ ಬರೆದ. ಆ ಪುಟ ಹಿಡಿದುಕೊಂಡು ಎಷ್ಟು ಸಂಕಟಪಟ್ಟೆನೋ ನನಗೇ ಗೊತ್ತು. ಮರುದಿನ ಅವನ ಬೆಂಚನ್ನು ಆಚೆ ಗೋಡೆಗೆ ಹಾಕಿಸಿದೆ. ಇಷ್ಟು ಸಣ್ಣ ಕೆಲಸಕ್ಕೆ ನನಗೆ ಅರ್ಧ ವರ್ಷ ಬೇಕಾಯಿತು.

ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಆಟಿಸಂ ಇರುವ ಹನ್ನೊಂದು ಮಕ್ಕಳ ಬಗ್ಗೆ ಬರೆದಾಗಲೇ, ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಅವರ ಹಂಬಲವನ್ನು ಗುರುತಿಸಿದ್ದರು. ಸದ್ದು, ಬೆಳಕು, ಸ್ಪರ್ಶಗಳು ಈ ಮಕ್ಕಳಿಗೆ ಬೇರೆ ಥರ ನಾಟುತ್ತವೆ ಎಂಬುದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂನ ಲಕ್ಷಣವಾಗಿ ಸೇರಿದ್ದು ಮಾತ್ರ 2013ರಲ್ಲಿ. ಶಾಲೆಯಲ್ಲಿ ಇವೆರಡೂ ಒಟ್ಟಿಗೆ ಬಂದು ಅಪ್ಪಳಿಸುವುದು ಗಂಟೆ ಹೊಡೆದಾಗಲೇ. ಸದ್ದು, ನೂಕುನುಗ್ಗಲು, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವುದು. ಪಾಠದಲ್ಲಿ ಸೋಲದ ಮಗು ಅಲ್ಲಿ ಸೋಲುತ್ತದೆ.

ಹಾಗಾಗಿ ಕಟ್ಟಡ, ರಿಸಲ್ಟು ಎಲ್ಲ ಪಕ್ಕಕ್ಕಿಡು. ಆಟದ ಬಿಡುವಿನಲ್ಲಿ ಒಂಟಿಯಾಗಿ ನಿಂತ ಮಗುವಿನ ಹತ್ತಿರ ಯಾವ ದೊಡ್ಡವರಾದರೂ ಹೋಗುತ್ತಾರಾ ನೋಡು. ಶೌಚಾಲಯಕ್ಕೆ ಹೋಗಿ ಬಾ, ಅಲ್ಲಿ ಸದ್ದು ಎಷ್ಟು ಮೊಳಗುತ್ತದೆ ಕೇಳಿಸಿಕೋ. ಗೋಡೆಯ ಮೇಲೆ, ಒಂದಾದ ಮೇಲೊಂದು ಏನು ಅಂತ ಕಾರ್ಡುಗಳಲ್ಲಿ ತೋರಿಸುವ ಚಿತ್ರಗಳ ವೇಳಾಪಟ್ಟಿ ಇದ್ದರೆ ಸಂತೋಷ, ಆದರೆ ಆ ಕಾರ್ಡುಗಳ ಅಂಚು ಸವೆದಿದೆಯಾ ನೋಡು. ಹೊಚ್ಚಹೊಸದಾಗಿದ್ದರೆ ಬಂದವರಿಗೆ ತೋರಿಸಲು ಇಟ್ಟದ್ದು ಅಂತ ಲೆಕ್ಕ. ಮಗು ಕಂಗೆಟ್ಟಾಗ ಎಲ್ಲಿ ಕೂರಿಸುತ್ತೀರಿ ಅಂತ ಕೇಳು. ತುಂಟರನ್ನು ಶಿಕ್ಷೆಗೆ ಕೂರಿಸುವ ಮೂಲೆಯನ್ನೇ ತೋರಿಸಿದರೆ ನನಗೆ ಆ ಶಾಲೆ ಬೇಡ. ಗೇಟನ್ನು ಖಂಡಿತ ನೋಡು. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಶೇ. 49ರಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೂ ಒಮ್ಮೆಯಾದರೂ ಹೇಳದೆ ಕೇಳದೆ ಹೊರಟುಹೋಗಲು ನೋಡಿದ್ದರು ಅಂತಿದೆ. ನೀರು ಕಂಡರೆ ಪುಟ್ಟ ಅದರತ್ತ ಓಡುತ್ತಾನೆ ಅಂತ ನೀನೇ ಬರೆದಿದ್ದೀಯಲ್ಲ.

ವಿಶೇಷ ತರಗತಿಯೋ ಎಲ್ಲರ ಜೊತೆಯೋ ಅಂತ ಕೇಳಿದ್ದೀಯ. ಎಲ್ಲರ ಜೊತೆಯೇ ಇರಲಿ ಎಂಬುದು ನನ್ನ ಮನಸ್ಸು. ಆದರೆ ಬರೀ ಜಾಗ ಕೊಟ್ಟು ಹಿಂದಿನ ಬೆಂಚಿಗೆ ಕೂರಿಸಿ "ಸೇರಿಸಿಕೊಂಡಿದ್ದೇವೆ" ಅಂದರೆ ಒಪ್ಪಬೇಡ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಎರಡನ್ನೂ ಹೇಳುತ್ತದೆ: ಸಾಮಾನ್ಯ ಶಾಲೆಯಿಂದ ಹೊರಗಿಡಬಾರದು, ಒಳಗೆ ಬಂದ ಮೇಲೆ ಬೇಕಾದ ಹೊಂದಾಣಿಕೆಯನ್ನೂ ನೆರವನ್ನೂ ಕೊಡಬೇಕು. ನೀನು ದಯೆ ಬೇಡಲು ಹೋಗುತ್ತಿಲ್ಲ, ನೆನಪಿರಲಿ. ಯಾರು, ದಿನಕ್ಕೆ ಎಷ್ಟು ಹೊತ್ತು, ಏನು ಮಾಡುತ್ತಾರೆ, ಮತ್ತೆ ಯಾವಾಗ ಕೂತು ನೋಡುವುದು, ಎಲ್ಲವನ್ನೂ ಬರವಣಿಗೆಯಲ್ಲಿ ತಗೋ. ಚಿತ್ರ ತೋರಿಸಿ ಪುಟ್ಟ ಮಾತಾಡುವ ಆ ಪುಸ್ತಕ ಬ್ಯಾಗಿನೊಳಗಲ್ಲ, ಬಿಡುವಿನಲ್ಲೂ ಅವನ ಕೈಯಲ್ಲಿರಬೇಕು. ಅದು ಅವನ ನಾಲಿಗೆ.

ಕ್ಲಾಸ್ ಟೀಚರನ್ನು ಭೇಟಿಯಾಗದೆ ಸಹಿ ಹಾಕಬೇಡ. "ನಮಗೆ ಎಲ್ಲ ಮಕ್ಕಳೂ ಒಂದೇ" ಅನ್ನುವ ಟೀಚರು ಒಳ್ಳೆಯವರೇ ಇರಬಹುದು, ನಾನೂ ಹಾಗೇ ಹೇಳುತ್ತಿದ್ದೆ. "ಅಳುವುದಕ್ಕೆ ಮುಂಚೆ ಅವನು ಏನು ಮಾಡುತ್ತಾನೆ?" ಅಂತ ಕೇಳುವವರು ಸಿಕ್ಕರೆ, ಶಾಲೆ ಸ್ವಲ್ಪ ದೂರವಾದರೂ ಅಲ್ಲೇ ಸೇರಿಸು.

ಸೇರಿಸಿದ ಮೇಲೆ ಒಂದು ಆಗಬಹುದು. ಶಾಲೆಯಲ್ಲಿ ಸುಮ್ಮನಿದ್ದು, ಮನೆ ಹೊಸ್ತಿಲು ದಾಟುತ್ತಲೇ ಕಿರುಚಿ ಹೊರಳಾಡಬಹುದು. "ಇಲ್ಲಿ ಏನೂ ತೊಂದರೆಯಿಲ್ಲ, ಮನೆಯಲ್ಲೇ ಏನೋ" ಅಂತ ಅವರು ಅನ್ನಬಹುದು. ನಿನ್ನನ್ನೇ ಬೈದುಕೊಳ್ಳಬೇಡ. ದಿನವಿಡೀ ಬಿಗಿಹಿಡಿದದ್ದನ್ನು ಅವನು ನಿನ್ನ ಹತ್ತಿರ ಬಿಡುತ್ತಿರುತ್ತಾನೆ. ಎಷ್ಟು ಗಂಟೆಗೆ, ಎಷ್ಟು ಹೊತ್ತು, ಅವತ್ತು ಶಾಲೆಯಲ್ಲಿ ಏನಿತ್ತು ಅಂತ ಬರೆದಿಟ್ಟು ಟೀಚರಿಗೆ ತೋರಿಸು.

ಟೀಚರಿಗೆ ಕೊಡಲು ಪುಟ್ಟನ ಬಗ್ಗೆ ಒಂದೇ ಒಂದು ಪುಟ ಬರಿ. ಆಟಿಸಂ ಎಂಬ ಹೆಸರಿನಿಂದ ಶುರು ಮಾಡಬೇಡ, ಅವನಿಗೆ ಏನು ಇಷ್ಟ ಎಂಬುದರಿಂದ ಶುರು ಮಾಡು. ಮೊದಲು ನನಗೆ ಕಳಿಸು, ಟೀಚರಾಗಿ ಓದಿ ಹೇಳುತ್ತೇನೆ.

ಇತಿ ನಿನ್ನ ದೊಡ್ಡಮ್ಮ