ಬರಿದಾಗಿದ್ದ ಬೀಜದ ಕೋಣೆಯನ್ನು ಮತ್ತೆ ತುಂಬಿಕೊಟ್ಟವರಿಗೆ

ಶಿರಾ–ಮಧುಗಿರಿ ಸೀಮೆಯ ನಮ್ಮ ಸಮುದಾಯ ಬೀಜ ಬ್ಯಾಂಕಿನಲ್ಲಿ ಈ ಸುಗ್ಗಿ ಮುಗಿಯುವ ಹೊತ್ತಿಗೆ ಕೊರಲೆ, ಸಾಮೆ, ನವಣೆ ಎಂಬ ಸಿರಿಧಾನ್ಯಗಳು, ನಾಟಿ ರಾಗಿ ಮತ್ತು ಅಕ್ಕಡಿ ಸಾಲಿಗೆ (ಮುಖ್ಯ ಬೆಳೆಯ ನಡುನಡುವೆ ಬಿತ್ತುವ ಮಿಶ್ರ ಬೆಳೆಯ ಸಾಲಿಗೆ) ಬೇಕಾಗುವ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳಿನ ಬೀಜಗಳು ಸದಸ್ಯರೆಲ್ಲರ ಬಿತ್ತನೆಗೆ ಸಾಲುವಷ್ಟು ಸೇರಿವೆ. 2023ರ ಬರದಲ್ಲಿ ತಳ ಕಂಡಿದ್ದ ಈ ಕೋಣೆ ತುಂಬಲು ಎರಡು ಬೆಳೆ ಕಾಯಬೇಕಾಯಿತು. ಆ ಅವಧಿಯಲ್ಲಿ ಜೊತೆಗೆ ನಿಂತವರಿಗೆ ಸಂಘದ ಪರವಾಗಿ, ಅದರ ಕಾರ್ಯದರ್ಶಿಯಾಗಿ, ಈ ಕೃತಜ್ಞತೆಯನ್ನು ಸಲ್ಲಿಸುತ್ತಿದ್ದೇನೆ.

ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆಗಸ್ಟ್ ತಿಂಗಳಂತೂ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿಕೊಂಡಿತು. ನಮ್ಮಲ್ಲಿ ಒಂದು ಸೇರು ಬೀಜ ಒಯ್ದವರು ಬೆಳೆ ಬಂದ ಮೇಲೆ ಎರಡು ಸೇರು ತಂದು ಅಳೆಯಬೇಕೆಂಬುದು ನಿಯಮ. ಮೊದಲ ಬಿತ್ತನೆ ಮೊಳಕೆಯಲ್ಲೇ ಕಮರಿ, ಜನ ಎರಡನೆಯ ಸಲ ಬೀಜ ಕೇಳಿಕೊಂಡು ಬಂದಾಗ ಇಲ್ಲವೆನ್ನಲು ಯಾರಿಗೂ ಮನಸ್ಸಾಗಲಿಲ್ಲ. ಅದೂ ಒಣಗಿದ ಮೇಲೆ ಅಳೆಯುವುದಕ್ಕೆ ಯಾರ ಬಳಿಯೂ ಏನೂ ಉಳಿದಿರಲಿಲ್ಲ.

ಅದೇ 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಗಿತ್ತೆಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ. ಪೇಟೆಯಲ್ಲಿ ಸಿರಿಧಾನ್ಯಕ್ಕೆ ಬೇಡಿಕೆ ಏರಿತ್ತು, ಹೊಲದಲ್ಲಿ ತೆನೆ ಇರಲಿಲ್ಲ, ವ್ಯಾಪಾರಿಗಳು ಮನೆಬಾಗಿಲಿಗೆ ಬಂದು ಬೀಜದ ಕಾಳಿಗೇ ಬೆಲೆ ಕಟ್ಟತೊಡಗಿದ್ದರು. ಮಕ್ಕಳ ಶುಲ್ಕ, ಆಸ್ಪತ್ರೆಯ ಖರ್ಚು, ದನಗಳ ಮೇವು ಎಲ್ಲವೂ ಒಟ್ಟಿಗೆ ಎದುರಾಗಿದ್ದ ಆ ದಿನಗಳಲ್ಲಿ ಗುಡಾಣದ ತಳದಲ್ಲಿದ್ದ ಕೊರಲೆಯನ್ನು ಮಾರದೆ, ಬೇಯಿಸಿ ಉಣ್ಣದೆ ಉಳಿಸಿಕೊಂಡ ಮನೆಗಳಿಗೆ ನಮ್ಮ ಮೊದಲ ವಂದನೆ. ಬೀಜ ಬ್ಯಾಂಕ್ ಎಂದರೆ ಹೆಂಚು ಹೊದಿಸಿದ ಒಂದು ಕೋಣೆಯೆಂದು ಹೊರಗಿನವರು ತಿಳಿಯುತ್ತಾರೆ. ಆ ಕೋಣೆ ಖಾಲಿಯಾದಾಗ ನಮ್ಮನ್ನು ಕಾಪಾಡಿದ್ದು ಹತ್ತಾರು ಅಡುಗೆಮನೆಗಳ ಅಟ್ಟದಲ್ಲಿ ಹಂಚಿಹೋಗಿದ್ದ ಗಡಿಗೆಗಳು.

ಆ ಗಡಿಗೆಗಳ ಹಿಂದೆ ನಮ್ಮ ಹಿರಿಯ ಅಜ್ಜಿಯರ ಕೈ ಇದೆ. ಕಣದಲ್ಲಿ ರಾಶಿ ಮಾಡುವ ಮೊದಲೇ ಹೊಲಕ್ಕಿಳಿದು, ಒಂದೇ ಸಮನೆ ಮಾಗಿದ ತುಂಬು ತೆನೆಗಳನ್ನು ಆರಿಸಿ, ನೆರಳಿನಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ಮೇಲೆ ಬೇವಿನ ಸೊಪ್ಪು ಹರಡಿ ಗಡಿಗೆಯ ಬಾಯಿಗೆ ಸಗಣಿ ಮೆತ್ತಿಡುವ ಕ್ರಮ ಅವರದು. ಕಾಳು ಒಣಗಿತೋ ಇಲ್ಲವೋ ಎಂಬುದನ್ನು ಹಲ್ಲಿನಲ್ಲಿ ಕಚ್ಚಿ ನೋಡಿಯೇ ಹೇಳುತ್ತಾರೆ. ‘ಕಟ್’ ಎನ್ನದ ಕಾಳು ಗಡಿಗೆಗೆ ಇಳಿಯುವುದಿಲ್ಲ. ಒದ್ದೆ ಗೋಣಿತಾಟಿನಲ್ಲಿ ನೂರು ಕಾಳು ಸುತ್ತಿಟ್ಟು ಮೊಳಕೆ ಎಣಿಸುವ ವಿಧಾನವನ್ನು ನಾವು ತರಬೇತಿಯಲ್ಲಿ ಕಲಿತು ಬಂದು ತೋರಿಸಿದಾಗ ಅಜ್ಜಿಯರು ಆಸಕ್ತಿಯಿಂದಲೇ ನೋಡಿದರು, ಆದರೆ ತಮ್ಮ ಹಲ್ಲಿನ ಪರೀಕ್ಷೆಯನ್ನು ಬಿಡಲಿಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲೂ ಕೊರಲೆ ಕಾಳು ಸಿಕ್ಕಿದೆಯೆಂದು ಓದಿ ಹೇಳಿದಾಗ ಒಬ್ಬ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ‘ಬಿತ್ತಿದರೆ ಹುಟ್ಟುತ್ತದೇನಪ್ಪಾ?’

ಇಷ್ಟಾದರೂ ಸಾಮೆ ಬೀಜ ನಮ್ಮಲ್ಲಿ ಪೂರ್ತಿ ಕಳೆದುಹೋಗಿತ್ತು. ಗಡಿಯಾಚೆ, ಆಂಧ್ರಪ್ರದೇಶದ ಮಡಕಶಿರಾ ಭಾಗದ ಮಹಿಳೆಯರು ಸುದ್ದಿ ತಿಳಿದು ಬೀಜ ಕಳುಹಿಸಿಕೊಟ್ಟರು. ರಾಜ್ಯ ಬೇರೆಯಾದರೂ ಅಲ್ಲಿಯ ಮನೆಗಳಲ್ಲಿ ಕನ್ನಡವೂ ಉಂಟು, ಹೊಲಗಳಲ್ಲಿ ಅದೇ ಕೆಂಪು ಮರಳು ಮಣ್ಣು. ಅವರಲ್ಲೂ ಮಳೆ ಕೈಕೊಟ್ಟಿದ್ದ ವರ್ಷವೇ ಅದು ಎಂಬುದನ್ನು ನಾವು ಮರೆಯುವಂತಿಲ್ಲ. ಮರಳಿಸಲು ಹೋದಾಗ ಕೊಟ್ಟಷ್ಟೇ ಸಾಕೆಂದು ಅವರು ಪಟ್ಟು ಹಿಡಿದರು. ನಿಯಮ ನಿಯಮವೇ ಎಂದು ನಮ್ಮ ಅಕ್ಕಂದಿರು ದುಪ್ಪಟ್ಟು ಅಳೆದೇ ಬಂದರು.

ನೀರಿಲ್ಲದೆ ಬಾಯ್ದೆರೆದಿದ್ದ ಕೆರೆಯಿಂದ ಹೊಲಗಳಿಗೆ ಗೋಡು (ಕೆರೆಯ ಹೂಳು ಮಣ್ಣು) ಹೊಡೆಯಲು ಟ್ರ್ಯಾಕ್ಟರ್ ಕೊಟ್ಟು, ಡೀಸೆಲ್‌ನ ಖರ್ಚಷ್ಟನ್ನೇ ಪಡೆದ ಊರಿನ ಯುವಕರಿಗೆ, ಸಿರಿಧಾನ್ಯ ಬೆಳೆಗಾರರಿಗೆ ರಾಜ್ಯ ಸರ್ಕಾರದ ರೈತ ಸಿರಿ ಯೋಜನೆಯಡಿ ಹೆಕ್ಟೇರಿಗೆ 10,000 ರೂಪಾಯಿ ನೆರವಿದೆಯೆಂದು ತಿಳಿಸಿ ಅರ್ಜಿ ತುಂಬಿಸಿದ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಗೆ, ಬದುಗಳ ಮೇಲೆ ನೆಡಲು ಹೊಂಗೆ ಸಸಿ ಬೆಳೆಸಿಕೊಟ್ಟ ಶಾಲಾ ಮಕ್ಕಳಿಗೆ ಮತ್ತು ಶಿಕ್ಷಕರಿಗೆ ನಾವು ಋಣಿಗಳು. ಕೊರಲೆಯ ಸಿಪ್ಪೆ ಬಿಡಿಸುವ ಯಂತ್ರವನ್ನು ರಿಪೇರಿ ಮಾಡಿ ಕೂಲಿ ಕೇಳದೆ ಹೋದ ಮೆಕ್ಯಾನಿಕ್ ಅಣ್ಣನಿಗೂ ಋಣಿಗಳು. ಬೀಸುವ ಕಲ್ಲಿನಲ್ಲಿ, ಒರಳಿನಲ್ಲಿ ಆ ಸಿಪ್ಪೆ ತೆಗೆದ ಹೆಂಗಸರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು.

ಬರದ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ ಕುಟುಂಬಗಳ ಹೆಸರಿನಲ್ಲಿದ್ದ ಬಾಕಿಯನ್ನು ಬಿಟ್ಟುಬಿಡೋಣವೆಂದು ಸಭೆಯಲ್ಲಿ ತೀರ್ಮಾನಿಸಿದ್ದೆವು. 2024ರ ಮುಂಗಾರು ಕೈಹಿಡಿದ ಮೇಲೆ ಅವರಲ್ಲಿ ಹೆಚ್ಚಿನವರು ಊರಿಗೆ ಮರಳಿ ಬಿತ್ತಿದರು. ಕಣದ ಕೆಲಸ ಮುಗಿದದ್ದೇ ಚೀಲ ಹೊತ್ತು ತಂದು ಹಳೆಯ ಲೆಕ್ಕವನ್ನೂ ಸೇರಿಸಿ ಅಳೆದುಕೊಟ್ಟರು. ಸಭೆಯ ತೀರ್ಮಾನವನ್ನು ತಿಳಿಸಿದರೆ ಸ್ವಲ್ಪ ಸಿಟ್ಟೇ ಮಾಡಿಕೊಂಡರು. ಅವರಿಗೆ ಸಂಘ ಆಭಾರಿಯಾಗಿದೆ.

ಈ ವರ್ಷದ ಬೀಜ ವಿತರಣೆಯನ್ನು ರೋಹಿಣಿ ಮಳೆಗೆ ಮುಂಚೆಯೇ ಮುಗಿಸಲಿದ್ದೇವೆ. ಸಿರಿಧಾನ್ಯಗಳಲ್ಲಿ ಹಾರಕ ಮಾತ್ರ ಇನ್ನೂ ಸಾಲದಾಗಿದೆ. ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಾದರೂ ಹಳೆಯ ಹಾರಕದ ತಳಿ ಉಳಿದಿದ್ದರೆ ಎರಡು ಹಿಡಿಯಷ್ಟಾದರೂ ಕೊಡಬೇಕೆಂದು ಕೋರುತ್ತೇವೆ. ಬೆಳೆ ಬಂದ ಮೇಲೆ ದುಪ್ಪಟ್ಟು ಅಳೆದು ಮನೆಗೇ ತಲುಪಿಸುತ್ತೇವೆ.