ಲೇಸರ್ ಆಗದ ಕಣ್ಣುಗಳ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಬಗ್ಗೆ ನಿಮ್ಮ ಆರೋಗ್ಯ ಪುಟದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಮೈನಸ್ 10, 12 ಪವರ್ ಇರುವ ಮಕ್ಕಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಕನ್ನಡಕದಿಂದ ಜಾಸ್ತಿ ಕಷ್ಟಪಡುವವರು ಅವರೇ ಅಲ್ವಾ?

ನನ್ನ ಮಗಳಿಗೆ ಎರಡೂ ಕಣ್ಣು ಮೈನಸ್ 11. ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿದಳು. ಕನ್ನಡಕ ತೆಗೆದರೆ ಅಂಗೈಯನ್ನು ಮೂಗಿನ ಹತ್ತಿರ ತಂದಾಗ ಮಾತ್ರ ಅದರ ಗೆರೆ ಕಾಣುತ್ತಿತ್ತು. ಸಕಲೇಶಪುರದ ಕಡೆ ಜೂನ್ ಬಂತೆಂದರೆ ಕೇಳುವುದೇ ಬೇಡ. ಜಡಿಮಳೆಯಲ್ಲಿ ಗಾಜಿನ ಮೇಲೆ ನೀರು, ಒಳಗೆ ಒಲೆಯ ಹತ್ತಿರ ಬಂದರೆ ಗಾಜು ಪೂರ್ತಿ ಮಬ್ಬು.

ಮೊದಲು ತೋರಿಸಿದ ಕಡೆ ಪವರ್ ನೋಡಿದವರೇ "ಲೇಸರ್ ಮಾಡಿಬಿಡೋಣ, ಅಡ್ವಾನ್ಸ್ ಕಟ್ಟಿ" ಎಂದರು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಎಷ್ಟು ದಪ್ಪ ಇದೆ ಎಂದು ಅಳೆಯಲೇ ಇಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ 480 ಮೈಕ್ರಾನ್ ಬಂತು (ಒಂದು ಮಿ.ಮೀ.ಗೆ ಸಾವಿರ ಮೈಕ್ರಾನ್). ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದೆ. ಲ್ಯಾಸಿಕ್ ಎನ್ನುವ ಲೇಸರ್ ಚಿಕಿತ್ಸೆಯಲ್ಲಿ ಕಾರ್ನಿಯಾದ ಮೇಲಿನ ಪದರ ಎತ್ತುವುದಕ್ಕೇ ನೂರು ಚಿಲ್ಲರೆ ಮೈಕ್ರಾನ್ ಹೋಗುತ್ತದೆ. ಒಂದೊಂದು ಪವರ್‌ಗೆ ಹೆಚ್ಚುಕಮ್ಮಿ 12ರಿಂದ 15 ಮೈಕ್ರಾನ್ ಕೆರೆಯಬೇಕು. ಅಡಿಯಲ್ಲಿ ಕಡಿಮೆ ಎಂದರೂ 250 ಉಳಿಯಲೇಬೇಕು. 11 ಪವರ್‌ಗೆ ನೀವೇ ಲೆಕ್ಕ ಹಾಕಿ, ಅಷ್ಟು ಉಳಿಯುವುದಿಲ್ಲ. ತೆಳುವಾದ ಕಾರ್ನಿಯಾ ಮುಂದಕ್ಕೆ ಉಬ್ಬಿಬಿಟ್ಟರೆ ಆಮೇಲೆ ಕನ್ನಡಕ ಹಾಕಿದರೂ ದೃಷ್ಟಿ ಸರಿಯಾಗುವುದಿಲ್ಲ.

ಇಂಥವರಿಗೆ ಇರುವ ದಾರಿ ಐಸಿಎಲ್ ಎನ್ನುವ ಲೆನ್ಸ್. ನನ್ನ ಮಗಳಿಗೂ ಅದನ್ನೇ ಹಾಕಿಸಿದೆವು. ಕಣ್ಣಿನ ಬಣ್ಣದ ಭಾಗದ ಹಿಂದೆ, ನಮ್ಮದೇ ಲೆನ್ಸಿನ ಮುಂದೆ ತೆಳುವಾದ ಇನ್ನೊಂದು ಲೆನ್ಸ್ ಕೂರಿಸುತ್ತಾರೆ. ಪೊರೆ ಆಪರೇಷನ್ ಥರ ನಮ್ಮ ಲೆನ್ಸ್ ತೆಗೆಯುವುದಿಲ್ಲ. ಕಾರ್ನಿಯಾವನ್ನೂ ಕೆರೆಯುವುದಿಲ್ಲ. ಸುಮಾರು 3 ಮಿ.ಮೀ. ಸೀಳಿನಲ್ಲಿ ಮಡಿಚಿ ಒಳಗೆ ಬಿಡುತ್ತಾರೆ. ತೊಂದರೆಯಾದರೆ ಹೊರಗೆ ತೆಗೆಯಬಹುದು. ಈಗಿನ ಲೆನ್ಸಿನ ನಡುವೆ 0.36 ಮಿ.ಮೀ. ತೂತು ಇರುತ್ತದೆ, ಕಣ್ಣೊಳಗಿನ ನೀರು ಅದರಲ್ಲಿ ಹರಿಯುತ್ತದೆ. ಅಮೆರಿಕದಲ್ಲಿ ಐಸಿಎಲ್‌ಗೆ 2005ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಈ ತೂತಿನ ಲೆನ್ಸಿಗೆ 2022ರಲ್ಲಿ. ನಮ್ಮ ದೇಶದಲ್ಲೇ ತಯಾರಾಗುವ, ಇದೇ ಥರದ ಐಪಿಸಿಎಲ್ ಎನ್ನುವ ಲೆನ್ಸ್ ಕೂಡ ಇದೆ.

ಹಾಗಂತ ಎಲ್ಲರೂ ಓಡಿಹೋಗಿ ಹಾಕಿಸಿಕೊಳ್ಳುವಂಥದ್ದಲ್ಲ. 21 ವರ್ಷ ತುಂಬಿರಬೇಕು, ಒಂದು ವರ್ಷದಿಂದ ಪವರ್ ಏರಿರಬಾರದು. ಕಣ್ಣೊಳಗೆ ಲೆನ್ಸ್ ಕೂರುವಷ್ಟು ಜಾಗ ಬೇಕು. ಅಳತೆ ತಪ್ಪಿದರೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಅದಕ್ಕೇ ಆಪರೇಷನ್ ಆದ ದಿನವೇ ಮನೆಗೆ ಹೊರಡುವ ಮುಂಚೆ ಒತ್ತಡ ನೋಡಿಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ಬಿಟ್ಟು ಕೆಲವು ದಿನ ಆದ ಮೇಲೇ ಅಳತೆ ಕೊಡಬೇಕು. ಮದುವೆ ಗೊತ್ತಾಗಿದೆ, ಮುಂದಿನ ವಾರವೇ ಆಗಬೇಕು ಅಂತ ಅವಸರ ಮಾಡುವ ಅಪ್ಪ ಅಮ್ಮಂದಿರಿಗೆ ಕೈಮುಗಿದು ಹೇಳುತ್ತೇನೆ, ಬೇಡಿ.

ಇನ್ನೊಂದು ಮಾತು ಯಾವ ಜಾಹೀರಾತಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇಷ್ಟು ಮೈನಸ್ ಇರುವವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ಒಳಗೆ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪರದೆಯಾದ ರೆಟಿನಾ ಎಳೆದು ತೆಳ್ಳಗಾಗಿರುತ್ತದೆ. ಲೆನ್ಸ್ ಹಾಕಿದರೆ ದೂರದ್ದು ಕಾಣುತ್ತದೆ, ಆದರೆ ಕಣ್ಣುಗುಡ್ಡೆ ಗಿಡ್ಡ ಆಗುವುದಿಲ್ಲ. ನಮ್ಮ ನೆಂಟರೆಲ್ಲ "ಕನ್ನಡಕ ಹೋಯ್ತಲ್ಲ, ಇನ್ಯಾಕೆ ಡಾಕ್ಟರು" ಎನ್ನುತ್ತಾರೆ. ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಬಿಟ್ಟು ಪಾಪೆ ಅಗಲ ಮಾಡಿ ರೆಟಿನಾ ನೋಡಿಸಲೇಬೇಕು. ಕಣ್ಣಲ್ಲಿ ಮಿಂಚು ಹೊಡೆದ ಹಾಗಾದರೆ, ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದ ಹಾಗೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಎಂದರೆ ದೃಷ್ಟಿಯೇ ಹೋಗಬಹುದು.

ಖರ್ಚು ನಮಗೆ ಲಕ್ಷ ದಾಟಿತು. ಆರೋಗ್ಯ ವಿಮೆ ಇರುವವರು ಗಮನಿಸಿ: ದೃಷ್ಟಿದೋಷದ ಚಿಕಿತ್ಸೆಗೆ ದುಡ್ಡು ಇಲ್ಲ ಎನ್ನುವ ಷರತ್ತು ಇರುವುದು 7.5ಕ್ಕಿಂತ ಕಡಿಮೆ ಪವರ್‌ಗೆ (ಪಾಲಿಸಿಯಲ್ಲಿ ಪವರ್ ಅನ್ನು ಡಯಾಪ್ಟರ್ ಎಂದು ಬರೆದಿರುತ್ತಾರೆ). ಅದಕ್ಕಿಂತ ಜಾಸ್ತಿ ಇದ್ದರೆ ಪಾಲಿಸಿ ತೆಗೆದು ಓದಿ, ಆಪರೇಷನ್‌ಗೆ ಮುಂಚೆಯೇ ಬರವಣಿಗೆಯಲ್ಲಿ ಕೇಳಿ.

ನನ್ನ ಮಗಳು ಈಗ ಚೆನ್ನಾಗಿದ್ದಾಳೆ. ರಾತ್ರಿ ಲೈಟಿನ ಸುತ್ತ ಬಳೆಯಂಥ ಬೆಳಕು ಕಾಣುತ್ತದಂತೆ, ಅದನ್ನು ಡಾಕ್ಟರು ಮೊದಲೇ ಹೇಳಿದ್ದರು. ದಯವಿಟ್ಟು ಕಣ್ಣಿನ ಡಾಕ್ಟರೊಬ್ಬರಿಂದ ಈ ವಿಷಯ ಪೂರ್ತಿ ಬರೆಸಿ. ಹಾಸನದ ಕಾಲೇಜುಗಳಲ್ಲಿ ಕಣ್ಣಿನ ತಪಾಸಣೆ ಮಾಡುವವರೂ ಜಾಸ್ತಿ ಪವರ್ ಇರುವ ಮಕ್ಕಳಿಗೆ ಕನ್ನಡಕದ ಚೀಟಿ ಬರೆದುಕೊಟ್ಟು ಸುಮ್ನೆ ಕಳಿಸಬೇಡಿ. ರೆಟಿನಾ ತೋರಿಸು ಎಂದು ಹೇಳಿ, ಎಲ್ಲಿ ತೋರಿಸಬೇಕು ಎಂದೂ ಹೇಳಿ.

– ಕಾಫಿ ಬೆಳೆಗಾರ ಮಹಿಳೆ, ಹಾನುಬಾಳು, ಸಕಲೇಶಪುರ ತಾಲ್ಲೂಕು